ಅಪ್ಪ ಎಣಿಸಿದ ಕಲ್ಲು

ಬೆಂಗಳೂರಿನ ಕೆಲಸ ಬಿಟ್ಟು ಬಾ ಅಂತ ಅಪ್ಪ, ಆಗಲ್ಲ ಅಂತ ನಾನು. ಎರಡು ವರ್ಷದಿಂದ ನಮ್ಮ ಫೋನ್ ಮಾತು 'ಊಟ ಆಯ್ತಾ'ಗೇ ಮುಗಿಯುತ್ತಿತ್ತು. ಈ ದಸರೆಗೆ ಶಹಾಪುರಕ್ಕೆ ಹೋದಾಗ ಅಪ್ಪ ಬೈಕಿನ ಕೀಲಿ ಕೈಗಿಟ್ಟು, "ನಡೀ, ನಿಧಿ ಹುಡುಕೋಣ" ಅಂದರು.

ಹೋಗಿದ್ದು ವಿಭೂತಿಹಳ್ಳಿಗೆ. ಬಯಲಿನಲ್ಲಿ ಸಾಲುಸಾಲಾಗಿ ಜೋಡಿಸಿದ ಬಂಡೆಗಳು, ಬೃಹತ್ ಶಿಲಾಯುಗದವು. 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದಿದ್ದಾನೆ. ಕೆಳಗೆ ಹೊನ್ನಿದೆ ಅಂತ ಅಪ್ಪ ಚಿಕ್ಕವರಿದ್ದಾಗ ನಂಬಿದ್ದರಂತೆ.

"ಏಳನೇ ಸಾಲು, ಹನ್ನೊಂದನೇ ಕಲ್ಲು. ಹುಡುಕು ನೋಡೋಣ."

ನಡುನಡುವೆ ಕಲ್ಲುಗಳೇ ಇಲ್ಲ, ಮುಳ್ಳುಕಂಟಿ ಬೇರೆ. ಫೋನ್ ಮ್ಯಾಪಿನಲ್ಲಿ ಸಾಲು ಕಾಣದು. ಕೊನೆಗೆ ಅಪ್ಪ ಆ ತುದಿ, ನಾನು ಈ ತುದಿ ನಿಂತು, ಕೂಗಿ ಕೂಗಿ ಸಾಲು ಹಿಡಿದೆವು.

ಕಲ್ಲು ಸಿಕ್ಕಿತು. ಪಕ್ಕದಲ್ಲಿ ಏನೂ ಇಲ್ಲ.

"ಹೈದರಾಬಾದಿನಾಗ ನೌಕರಿ ಸಿಕ್ಕಿತ್ತು. ಮನೆಯಾಗ ಹೇಳದ ಇಲ್ಲಿ ಬಂದು ಕುಂತಿದ್ದೆ. ನಿಮ್ಮಜ್ಜ ಬಂದು ಹೊಲಕ್ಕ ಕರ್ಕೊಂಡು ಹೋದ." ಅಪ್ಪ ಕಲ್ಲು ಸವರಿದರು. "ನೀ ಹೋಗಿದ್ದು ಚಲೋ ಆತು."

ನನಗೆ ಮಾತು ಹೊರಡಲಿಲ್ಲ.

ವಾಪಸ್ ಬರುವಾಗ ಹಿಂದೆ ಕೂತ ಅಪ್ಪ, "ಆ ಕಂಪ್ಯೂಟರಿನಾಗ ನೀ ಏನ್ ಮಾಡ್ತಿ?" ಅಂತ ಕೇಳಿದರು. ಊರು ಬರುವವರೆಗೂ ಹೇಳಿದೆ.

ಊರಿಗೆ ಹೋದರೆ ನೀವೂ ಅಪ್ಪನ ಜೊತೆ ಹುಡುಕಿ. ಕಲ್ಲು ಮಾತ್ರ ಅಲುಗಿಸಬೇಡಿ.