ದಾನವಲ್ಲ, ದಾಸೋಹ

ಅನ್ಯಧರ್ಮದ ಮಠಾಧಿಪತಿಯೊಬ್ಬರ ಬದುಕನ್ನು ಕುರಿತು ಈ ಅಂಕಣದಲ್ಲಿ ಬರೆಯುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸಬಹುದು. ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಗೌರವದಿಂದ ಕಾಣಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ನಮಗೆ ತಿಳಿಸಿದೆ. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶಿವಕುಮಾರ ಸ್ವಾಮಿಗಳ ಜೀವನವು ಅಂತಹ ಗೌರವಕ್ಕೆ ಪಾತ್ರವಾದುದು ಮಾತ್ರವಲ್ಲ, ನಮ್ಮನ್ನು ಪ್ರಶ್ನಿಸುವಂತಹುದೂ ಹೌದು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ರೈತ ಕುಟುಂಬದಲ್ಲಿ ಜನಿಸಿದ ಶಿವಣ್ಣ ಎಂಬ ಬಾಲಕ ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರಲ್ಲಿ, ಉದ್ಧಾನ ಶಿವಯೋಗಿಗಳು ಆತನನ್ನು ತಮ್ಮ ಉತ್ತರಾಧಿಕಾರಿಯನ್ನಾಗಿ ಆರಿಸಿದರು. ಪದವಿಯ ಆಸೆಯನ್ನು ತೊರೆದು ಲಿಂಗಾಯತ ವಿರಕ್ತಾಶ್ರಮವನ್ನು ಸ್ವೀಕರಿಸಿದ ಆ ತರುಣ 1941ರಲ್ಲಿ ಮಠದ ಹೊಣೆ ಹೊತ್ತರು. ಅಂದಿನ ಮಠ ಶ್ರೀಮಂತವಾಗಿರಲಿಲ್ಲ. ಶ್ರೀಗಳು ಹಳ್ಳಿಹಳ್ಳಿಗೆ ಹೋಗಿ ಭಿಕ್ಷೆ ಎತ್ತಿದರು. ರೈತರು ಸುಗ್ಗಿಯಲ್ಲಿ ಕೊಟ್ಟ ರಾಗಿ, ಭತ್ತ, ಬೇಳೆಗಳೇ ಮಕ್ಕಳ ಊಟವಾದವು. ಕಾಲಕ್ರಮೇಣ ಅಲ್ಲಿ ಉಚಿತ ಊಟ, ವಸತಿ, ವಿದ್ಯೆಗಳನ್ನು ಪಡೆಯುವ ಮಕ್ಕಳ ಸಂಖ್ಯೆ ಹತ್ತಿರ ಹತ್ತಿರ 10,000ಕ್ಕೆ ಏರಿತು. ಜಾತಿಯಾಗಲಿ ಮತವಾಗಲಿ ಅಲ್ಲಿ ಅಡ್ಡಿಯಾಗಲಿಲ್ಲ. ಸಂಸ್ಕೃತ ಪಾಠಶಾಲೆಯಿಂದ ಹಿಡಿದು 1963ರಲ್ಲಿ ಆರಂಭವಾದ ತಾಂತ್ರಿಕ ಮಹಾವಿದ್ಯಾಲಯದವರೆಗೆ ನೂರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಅವರ ನೆರಳಿನಲ್ಲಿ ಬೆಳೆದವು.

ಈ ಸಾಧನೆಯ ಗಾತ್ರಕ್ಕಿಂತ ಅದರ ಹಿಂದಿರುವ ತತ್ತ್ವವೇ ನಮಗೆ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ. ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನೂ ಆ ಮಠವು ದಾನವೆಂದು ಕರೆಯಲಿಲ್ಲ. ‘ತ್ರಿವಿಧ ದಾಸೋಹ’ ಎಂದು ಕರೆಯಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ನಮಗೆ ಬಿಟ್ಟುಹೋದ ಮಾತಿದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ‘ನಾನು ದಾಸ’ ಎಂದು ಬಡಿಸುವ ದಾಸೋಹದಲ್ಲಾದರೋ ಕೊಡುವವನೇ ಕೆಳಗೆ ನಿಲ್ಲುತ್ತಾನೆ. ಉಣ್ಣುವವನು ಯಾರಿಗೂ ಋಣಿಯಲ್ಲ. ಶುಭ ಗುರುವಾರದಂದು ಪಾದ ತೊಳೆಯುವ ವಿಧಿಯನ್ನು ಕಾಣುವ ನಮಗೆ ಈ ತತ್ತ್ವ ಅಪರಿಚಿತವೇನಲ್ಲ.

ಹಾಗಾದರೆ ನಮ್ಮ ನಡುವೆ ನಡೆಯುತ್ತಿರುವುದು ದಾನವೋ ದಾಸೋಹವೋ? ಮಗುವಿನ ಪ್ರಥಮ ಪರಮಪ್ರಸಾದದ ದಿನ ಅನಾಥಾಲಯಕ್ಕೆ ಊಟ ಕಳುಹಿಸುವ ಕುಟುಂಬಗಳು ನಮ್ಮಲ್ಲಿ ಅನೇಕ. ಅದು ಸ್ತುತ್ಯವೇ. ಆದರೆ ಆ ಮಕ್ಕಳೊಡನೆ ಅದೇ ಪಂಕ್ತಿಯಲ್ಲಿ ಕುಳಿತು ಉಂಡವರೆಷ್ಟು ಮಂದಿ? ನಾಲ್ಕು ನೋಟ್‌ಪುಸ್ತಕಗಳಿಗಾಗಿ ಬಡ ಬಾಲಕಿಯನ್ನು ವೇದಿಕೆಗೆ ಕರೆದು, ದಾನಿಗಳ ಪಕ್ಕದಲ್ಲಿ ನಿಲ್ಲಿಸಿ ಭಾವಚಿತ್ರ ತೆಗೆಯುವಾಗ ಆಕೆಯ ಮನಸ್ಸಿನಲ್ಲೇನಾಗುತ್ತದೆಂದು ನಾವು ಯೋಚಿಸಿದ್ದೇವೆಯೇ? ನಮ್ಮ ಶಾಲೆಗಳು ಒಂದು ಕಾಲದಲ್ಲಿ ಬಡವರ ಬಾಗಿಲಾಗಿದ್ದವು. ಇಂದು ಪ್ರವೇಶದ ದಿನಗಳಲ್ಲಿ ಶುಲ್ಕಕ್ಕೆ ಅಂಜಿ ಗೇಟಿನಿಂದಲೇ ಹಿಂದಿರುಗುವ ತಂದೆತಾಯಂದಿರಿದ್ದಾರೆ. ಶಿಕ್ಷಕರ ವೇತನ, ಕಟ್ಟಡದ ವೆಚ್ಚ ಇವು ಸುಳ್ಳಲ್ಲ ಎಂಬುದನ್ನು ನಾವು ಬಲ್ಲೆವು. ಆದರೆ ಸಿದ್ಧಗಂಗೆಯಲ್ಲಿ ಹಣ ಬಂದ ಮೇಲೆ ಮಕ್ಕಳನ್ನು ಕರೆಯಲಿಲ್ಲ. ಮಕ್ಕಳು ಬಂದರು, ಅವರಿಗಾಗಿ ಗುರುಗಳು ಜೋಳಿಗೆ ಹಿಡಿದರು.

ಉಚಿತವಾಗಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ವಾದವೂ ಉಂಟು. ಅನ್ನದ ಜೊತೆಗೆ ಅಕ್ಷರವನ್ನಿಟ್ಟ ಕಾರಣದಿಂದಲೇ ಶ್ರೀಗಳು ಈ ವಾದಕ್ಕೆ ಉತ್ತರ ಕೊಟ್ಟಿದ್ದಾರೆ. ಅನ್ನ ಇಂದಿನ ಹಸಿವನ್ನು ನೀಗಿಸುತ್ತದೆ. ಅಕ್ಷರ ನಾಳೆ ಬೇಡುವ ಅಗತ್ಯವನ್ನೇ ನೀಗಿಸುತ್ತದೆ.

ರಾಜ್ಯ ಸರ್ಕಾರ 2007ರಲ್ಲಿ ಕರ್ನಾಟಕ ರತ್ನ ಪ್ರಶಸ್ತಿಯನ್ನೂ, ಕೇಂದ್ರ ಸರ್ಕಾರ 2015ರಲ್ಲಿ ಪದ್ಮಭೂಷಣವನ್ನೂ ನೀಡಿ ಅವರನ್ನು ಗೌರವಿಸಿದವು. ‘ನಡೆದಾಡುವ ದೇವರು’ ಎಂದು ಜನ ಕರೆದರು. ದೇವರೊಬ್ಬನೇ ಎಂದು ನಂಬುವ ನಾವು ಆ ಮಾತನ್ನು ನಮ್ಮದಾಗಿ ಹೇಳಲಾರೆವಾದರೂ, ಅದರ ಹಿಂದಿನ ಕೃತಜ್ಞತೆಯನ್ನು ಅರಿಯಬಲ್ಲೆವು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ತಮ್ಮ ಮರಣದ ಸುದ್ದಿಯನ್ನು ಪ್ರಕಟಿಸಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಅಂದು ವರದಿಯಾಯಿತು. ಸಾವಿನಲ್ಲಿಯೂ ತಾವು ಹಿಂದೆ, ಮಕ್ಕಳ ತಟ್ಟೆ ಮುಂದೆ!

ಹತ್ತು ಸಾವಿರ ಮಂದಿಗೆ ಉಣಿಸುವುದು ಎಲ್ಲರಿಂದಲೂ ಆಗದು. ಆದರೆ ಪ್ರತಿಯೊಂದು ಕ್ರೈಸ್ತ ಕುಟುಂಬವೂ ಒಂದು ಬಡ ಮಗುವಿನ ಓದಿನ ವೆಚ್ಚವನ್ನು ಹೆಸರಿಲ್ಲದೆ, ಭಾವಚಿತ್ರವಿಲ್ಲದೆ ವಹಿಸಿಕೊಳ್ಳಬಹುದು. ಮುಂಬರುವ ತಪಸ್ಸುಕಾಲದ ಉಳಿತಾಯವನ್ನು ಇದಕ್ಕಾಗಿಯೇ ಮೀಸಲಿಡಬಹುದು. ಯಾರು ಕೊಟ್ಟರೆಂದು ಆ ಮಗುವಿಗೆ ತಿಳಿಯದಿದ್ದರೆ ನಷ್ಟವೇನೂ ಇಲ್ಲ.