ಅಜ್ಞಾನದ ಭಾರ ಸ್ತ್ರೀಯ ಮೇಲೇಕೆ?

ಅಹಿಂಸೆಯ ಸೂಕ್ಷ್ಮಗಳನ್ನು ಚರ್ಚಿಸುವ ನಮ್ಮ ಕುಟುಂಬಗಳು ಗರ್ಭನಿರೋಧದ ಮಾತು ಬಂದೊಡನೆ ಮೌನ ತಾಳುತ್ತವೆ. ಆ ಮೌನದಲ್ಲಿಯೇ ಮಿಥ್ಯೆಗಳು ಬೇರೂರುತ್ತವೆ.

‘ಹಾಲೂಡಿಸುವ ತಾಯಿ ಗರ್ಭ ಧರಿಸಳು’ ಎಂಬುದು ಅವುಗಳಲ್ಲೊಂದು. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲಿರುಳು ಎದೆಹಾಲನ್ನಷ್ಟೇ ಊಡಿಸುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದ್ದರೆ ಮಾತ್ರ ಆ ಮಾತು ಬಹುಮಟ್ಟಿಗೆ ನಿಜ. ಒಂದು ತಪ್ಪಿದರೂ ನೆಚ್ಚುವಂತಿಲ್ಲ. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ಮುಟ್ಟನ್ನು ಕಾಯುತ್ತಿದ್ದವಳು ಬಸುರಿಯಾಗಿರುವುದುಂಟು. ಹೆರಿಗೆಯ ಬಳಿಕ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎರಡನೆಯ ಮಿಥ್ಯೆ ಇನ್ನೂ ಹಾನಿಕರ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಗಂಡಸು ದುರ್ಬಲನಾಗುತ್ತಾನಂತೆ! ವಾಸೆಕ್ಟಮಿಯಲ್ಲಿ ವೀರ್ಯಾಣು ಸಾಗುವ ನಾಳಗಳನ್ನಷ್ಟೇ ಕತ್ತರಿಸಿ ಮುಚ್ಚುತ್ತಾರೆ. ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಅದರಿಂದ ಕುಂದಿಲ್ಲ. ಹೊಟ್ಟೆಯನ್ನು ಕೊಯ್ಯಬೇಕಾಗಿಯೂ ಇಲ್ಲ. 3 ತಿಂಗಳ ಬಳಿಕ ವೀರ್ಯಪರೀಕ್ಷೆಯಿಂದ ಖಚಿತವಾಗುವವರೆಗೆ ಮಾತ್ರ ಬೇರೆ ವಿಧಾನವನ್ನು ಅನುಸರಿಸಬೇಕು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ: 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 37.9ರಷ್ಟು ಮಂದಿ ತಾವೇ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಪತಿ ಒಳಗಾಗಿದ್ದುದು ಶೇ. 0.3ರಷ್ಟು ಮಂದಿಯಲ್ಲಿ. ಬಸಿರು, ಹೆರಿಗೆ, ಕತ್ತರಿ ಮೂರೂ ಅವಳ ಪಾಲಿಗೇ!

1930ರಲ್ಲೇ ಮೈಸೂರು ಸರ್ಕಾರ ಜನನ ನಿಯಂತ್ರಣ ಚಿಕಿತ್ಸಾಲಯವನ್ನು ತೆರೆದ ನಾಡಿದು. ಬಸದಿಗಳ ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ತಮ್ಮ ಸಭಾಭವನದಲ್ಲಿ ವೈದ್ಯರಿಂದ ಉಪನ್ಯಾಸ ಏರ್ಪಡಿಸಲಿ. ಮುಂದಿನ ಸಾಲಿನಲ್ಲಿ ಗಂಡಸರು ಕುಳಿತಿರಲಿ. ತಿಳಿಯಬಹುದಾದುದನ್ನು ತಿಳಿಯದೆ ಪತ್ನಿಯ ದೇಹವನ್ನು ದಣಿಸುವುದು ಪ್ರಮಾದ. ಪ್ರಮಾದದಿಂದಾದ ನೋವಿಗೆ ಹಿಂಸೆಯೆಂದೇ ಹೆಸರು.