ಆಸಿಡ್ ಬಾಟಲಿಯ ಮೇಲೆ ಇಲ್ಲದ ಒಂದು ಸಾಲು

ಶೌಚಾಲಯದ ಕಲೆ ತೆಗೆಯಲು ಆಸಿಡ್, ರೋಗಾಣುಗಳ ನಿವಾರಣೆಗೆ ಬ್ಲೀಚಿಂಗ್ ಪುಡಿ. ಇವೆರಡೂ ಅನೇಕ ಕಿರಾಣಿ ಅಂಗಡಿಗಳಲ್ಲಿ ಒಂದೇ ಗೂಡಿನಲ್ಲಿದ್ದು, ಗ್ರಾಹಕರ ಚೀಲಕ್ಕೂ ಒಟ್ಟಿಗೇ ಸೇರುತ್ತವೆ. ಬೇರೆಬೇರೆಯಾಗಿ, ಎಚ್ಚರಿಕೆಯಿಂದ ಬಳಸಿದರೆ ಎರಡೂ ಉಪಯುಕ್ತ. ಒಂದರ ಮೇಲೊಂದು ಬಿದ್ದಾಗ ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಜರ್ಮನ್ ಸೇನೆ ಅಸ್ತ್ರವಾಗಿ ಪ್ರಯೋಗಿಸಿದ್ದು ಇದನ್ನೇ.

ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದುದು. ಬಚ್ಚಲಿನ ಗವಾಕ್ಷಿ ಸಾಮಾನ್ಯವಾಗಿ ಸೂರಿನ ಸಮೀಪವಿರುತ್ತದೆ. ಅನಿಲ ನೆಲದ ಬಳಿಯೇ ಉಳಿಯುತ್ತದೆ. ನೆಲ ಉಜ್ಜುವ ಹೆಂಗಸು ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾಳೆ. ಕಣ್ಣುರಿ, ಕೆಮ್ಮು, ಎದೆಬಿಗಿತ ಕೂಡಲೇ ಕಾಣಿಸಿಕೊಳ್ಳುತ್ತವೆ. ಅನಿಲ ಹೆಚ್ಚಾಗಿ ಒಳಹೋಗಿದ್ದರೆ ಕೆಲವು ಗಂಟೆಗಳ ನಂತರವೂ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹೊರಗೆ ಬಂದು ಸುಧಾರಿಸಿಕೊಂಡವರು ಪಾರಾದರೆಂದು ತಿಳಿಯುವಂತಿಲ್ಲ.

ಇಂತಹ ಅವಘಡವಿಲ್ಲದೆಯೂ ಹಾನಿ ಸಂಭವಿಸುವ ಸೂಚನೆಗಳಿವೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಸಾವಿರಕ್ಕೂ ಹೆಚ್ಚು ಜನರ ಇಪ್ಪತ್ತು ವರ್ಷಗಳ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಮನೆಯಲ್ಲಾಗಲಿ ವೃತ್ತಿಯಾಗಿಯಾಗಲಿ ಶುಚಿಕಾರ್ಯ ನಿರ್ವಹಿಸುತ್ತಿದ್ದ ಮಹಿಳೆಯರ ಶ್ವಾಸಕೋಶದ ಸಾಮರ್ಥ್ಯವು ಇತರ ಮಹಿಳೆಯರಿಗಿಂತ ವೇಗವಾಗಿ ಕುಗ್ಗಿದ್ದನ್ನು ದಾಖಲಿಸಿದೆ. ಯೂರೋಪಿನ ಅಂಕಿಗಳನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದು, ನಿಜ. ಆದರೆ ದಿನಕ್ಕೆ ನಾಲ್ಕೈದು ಮನೆಗಳ ಬಚ್ಚಲು ತೊಳೆಯುವವರು ಸೇವಿಸುವ ಗಾಳಿ ಅದಕ್ಕಿಂತ ಉತ್ತಮವಾಗಿದೆಯೆಂದು ನಂಬಲು ಕಾರಣವಿಲ್ಲ.

ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಳ್ಳುವವರ ವಿವರವನ್ನು ದಾಖಲಿಸದೆ ಆಸಿಡ್ ಮಾರಬಾರದೆಂದು ನಿರ್ದೇಶಿಸಿತು. ಕೊಳ್ಳುವವರ ಹೆಸರು ಪುಸ್ತಕದಲ್ಲಿ ದಾಖಲಾದರೂ ಬಳಸುವವರ ಉಸಿರಿಗೆ ಅದರಿಂದ ರಕ್ಷಣೆಯಿಲ್ಲ. ಖಾಲಿ ನೀರಿನ ಬಾಟಲಿಗೆ ತುಂಬಿ ಮಾರುವ ಸರಕಿನ ಮೇಲೆ ಎಚ್ಚರಿಕೆಯ ಮಾತೇ ಇರುವುದಿಲ್ಲ. ಹೆಸರಾಂತ ಸರಕಿನ ಮೇಲೆ ಅದು ಇದ್ದರೂ ಅನೇಕ ವೇಳೆ ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ.

“ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಬೇಡಿ” ಎಂಬ ಒಂದು ಸಾಲನ್ನು ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸುವ ವೆಚ್ಚದಿಂದ ಯಾವ ಸಣ್ಣ ಘಟಕವೂ ಮುಚ್ಚದು. ಎಚ್ಚರಿಕೆ ಕಂಡು ಗ್ರಾಹಕರು ಹಿಂಜರಿದಾರೆಂಬ ಅಳುಕು ತಯಾರಕರಲ್ಲಿರಬಹುದು. ಕೀಟನಾಶಕದ ಡಬ್ಬಿಗಳ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ಕಡ್ಡಾಯವಾಗಿವೆ. ಓದು ಬಾರದ ರೈತನೂ ಅದನ್ನು ಗುರುತಿಸಬಲ್ಲ. ಶೌಚಾಲಯದ ಆಸಿಡ್ಡಿಗೂ ಅಂತಹ ಗುರುತೊಂದನ್ನು ತಯಾರಕರೇ ಒಮ್ಮತದಿಂದ ರೂಪಿಸಿಕೊಳ್ಳಲು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಅಂಗಡಿಯವರು ಎರಡು ಸರಕುಗಳನ್ನು ಬೇರೆಬೇರೆ ಗೂಡುಗಳಲ್ಲಿಡುವುದನ್ನು ಇಂದೇ ಆರಂಭಿಸಬಹುದು.